ಕೂತ ಕಾಲಿಗೆ ಕೋಕೋ ಮದ್ದಾದೀತೇ? ರಕ್ತನಾಳ, ಪೂರಕ ಆಹಾರ ಮತ್ತು ಎದ್ದೇಳಲು ಬಿಡುವಿಲ್ಲದ ದುಡಿಮೆ

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಮ್ಮ ಮೊಬೈಲ್‌ಗಳಿಗೆ ತಲುಪುವಷ್ಟರಲ್ಲಿ ಬಹಳ ಮೊಟಕಾಗಿತ್ತು. ಕೋಕೋ ಪಾನೀಯ ಕುಡಿದರೆ ಹೆಚ್ಚು ಹೊತ್ತು ಕೂರುವುದರಿಂದ ರಕ್ತನಾಳಕ್ಕಾಗುವ ಹಾನಿ ತಪ್ಪುತ್ತದೆ ಎಂಬಷ್ಟೇ ಅದರಲ್ಲಿ ಉಳಿದಿತ್ತು. ಅದೇ ವರ್ಷದ ಜೂನ್ ಮತ್ತು ಜುಲೈನಲ್ಲಿ, ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆಗಳಿಗೆ ಅಂಟಿಕೊಂಡಿರುವ ಹಾಸನ ಜಿಲ್ಲೆಯಿಂದ ಹಠಾತ್ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದರಂತೆ ಬಂದಿದ್ದವು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಆ ಸಾವುಗಳಿಗೆ ಹೊಸದೊಂದು ನಿಗೂಢ ಕಾರಣವಿಲ್ಲವೆಂದೂ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನದಂಥ ಹಳೆಯ ಅಪಾಯಗಳೇ ಮುಖ್ಯವೆಂದೂ ಹೇಳಿತು. ಮೃತರಲ್ಲಿ ಆಟೊ ಮತ್ತು ಕ್ಯಾಬ್ ಚಾಲಕರು ಗಣನೀಯ ಸಂಖ್ಯೆಯಲ್ಲಿದ್ದ ಸಂಗತಿಯೂ ಆಗ ಹೊರಬಂತು. ಕೂತು ದುಡಿಯುವವರಲ್ಲಿ ಆ ಭಯ ಇನ್ನೂ ಹಸಿಯಾಗಿದ್ದಾಗಲೇ ಕೋಕೋದ ಸುದ್ದಿ ಬಂದದ್ದರಿಂದ ಅದು ಒಂದು ಪರಿಹಾರದಂತೆ ಕಂಡದ್ದು ಸಹಜ. ಆದರೆ ಆ ಅಧ್ಯಯನ ನಿಜವಾಗಿ ಹೇಳಿದ್ದು ಏನು, ಹೇಳದೆ ಬಿಟ್ಟದ್ದು ಏನು ಎಂಬುದನ್ನು ಬಿಡಿಸಿ ನೋಡದಿದ್ದರೆ ಜನ ಬೇಡದ ಡಬ್ಬಕ್ಕೆ ದುಡ್ಡು ಕೊಟ್ಟು, ಬೇಕಾದ ಎಚ್ಚರಿಕೆಯನ್ನು ಕೈಬಿಡುವ ಅಪಾಯವಿದೆ.

ಕೂತಾಗ ಕಾಲಿನೊಳಗೆ ನಡೆಯುವುದು

ರಕ್ತನಾಳವನ್ನು ನೀರು ಸಾಗಿಸುವ ಪೈಪಿನಂತೆ ಕಲ್ಪಿಸಿಕೊಂಡರೆ ಈ ವಿಷಯ ಅರ್ಥವಾಗುವುದಿಲ್ಲ. ಪೈಪಿನ ಒಳಮೈ ಜಡವಾದುದು, ರಕ್ತನಾಳದ ಒಳಮೈ ಜೀವಂತವಾದುದು. ಅಲ್ಲಿ ಒಂದೇ ಒಂದು ಜೀವಕೋಶದಷ್ಟು ದಪ್ಪದ, ಎಂಡೋಥೀಲಿಯಂ ಎಂಬ ತೆಳು ಪದರವಿದೆ. ರಕ್ತ ಅದರ ಮೇಲೆ ಉಜ್ಜಿಕೊಂಡು ಹರಿಯುವಾಗ ಆ ಉಜ್ಜುವಿಕೆಯನ್ನು ಈ ಕೋಶಗಳು ಗ್ರಹಿಸುತ್ತವೆ ಮತ್ತು ಅದಕ್ಕೆ ಪ್ರತಿಯಾಗಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಅತಿ ಸಣ್ಣ ಪ್ರಮಾಣದಲ್ಲಿ ಬಿಡುಗಡೆ ಮಾಡುತ್ತವೆ. ಆ ಅನಿಲ ನಾಳದ ಗೋಡೆಯಲ್ಲಿರುವ ಸ್ನಾಯುವನ್ನು ಸಡಿಲಿಸಿ ನಾಳವನ್ನು ಹಿಗ್ಗಿಸುತ್ತದೆ, ರಕ್ತಕಣಗಳು ಗೋಡೆಗೆ ಅಂಟಿಕೊಳ್ಳದಂತೆಯೂ ನೋಡಿಕೊಳ್ಳುತ್ತದೆ. ನೈಟ್ರಿಕ್ ಆಕ್ಸೈಡಿನ ಈ ಪಾತ್ರವನ್ನು ಕಂಡುಹಿಡಿದ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಸಡಿಲವಾಗುತ್ತ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ, ಹಾಗೆ ದುಡಿಯುವ ಸ್ನಾಯು ಹೆಚ್ಚು ರಕ್ತ ಕೇಳುವುದರಿಂದ, ಹೃದಯದಿಂದ ರಕ್ತ ತರುವ ನಾಳವಾದ ಅಪಧಮನಿಯಲ್ಲಿ ಹರಿವೂ ಏರುತ್ತದೆ. ಕೂತ ಕೂಡಲೇ ಈ ಎರಡೂ ಕೆಲಸ ನಿಲ್ಲುತ್ತವೆ. ಭೂಮಿಯ ಸೆಳೆತಕ್ಕೆ ರಕ್ತ ಕಾಲಿನ ಕೆಳಭಾಗದಲ್ಲಿ ತಂಗುತ್ತದೆ, ಸೊಂಟ ಮತ್ತು ಮೊಣಕಾಲಿನ ಬಳಿ ನಾಳಗಳು ಬಾಗಿರುವುದರಿಂದ ಹರಿವಿನ ಸರಾಗ ತಪ್ಪುತ್ತದೆ, ಒಟ್ಟಾರೆ ವೇಗ ಇಳಿಯುತ್ತದೆ. ವೇಗ ಇಳಿದರೆ ಒಳಪದರದ ಮೇಲಿನ ಉಜ್ಜುವಿಕೆ ಕಡಿಮೆಯಾಗುತ್ತದೆ, ಉಜ್ಜುವಿಕೆ ಕಡಿಮೆಯಾದರೆ ನೈಟ್ರಿಕ್ ಆಕ್ಸೈಡಿನ ಉತ್ಪಾದನೆ ಕುಗ್ಗುತ್ತದೆ, ಅದು ಕುಗ್ಗಿದರೆ ನಾಳಕ್ಕೆ ಬೇಕಾದಾಗ ಹಿಗ್ಗುವ ಶಕ್ತಿ ಸಾಲದಾಗುತ್ತದೆ. ಒಂದು ಗಂಟೆಯಿಂದ ಮೂರು ಗಂಟೆಯೊಳಗೆ, ಆರೋಗ್ಯವಂತ ಯುವಕರ ಕಾಲಿನಲ್ಲೂ ಈ ಬದಲಾವಣೆಯನ್ನು ಯಂತ್ರದಿಂದ ಅಳೆಯಬಹುದು.

ಅಳೆಯುವ ಕ್ರಮ ಸರಳವಾಗಿದೆ. ರಕ್ತದೊತ್ತಡ ನೋಡುವಾಗ ತೋಳಿಗೆ ಸುತ್ತುವಂಥ ಪಟ್ಟಿಯನ್ನು ಗಾಳಿಯಿಂದ ಬಿಗಿದು ಐದು ನಿಮಿಷ ರಕ್ತದ ಹರಿವನ್ನು ತಡೆದು, ಬಳಿಕ ಒಮ್ಮೆಲೇ ಬಿಟ್ಟಾಗ ಅಪಧಮನಿ ಎಷ್ಟು ಹಿಗ್ಗಿತು ಎಂಬುದನ್ನು ಅಲ್ಟ್ರಾಸೌಂಡ್‌ನಲ್ಲಿ ಶೇಕಡಾವಾರು ಲೆಕ್ಕದಲ್ಲಿ ದಾಖಲಿಸುತ್ತಾರೆ. ಈ ಶಕ್ತಿ ಸದಾ ಕಡಿಮೆ ಇರುವವರಲ್ಲಿ ಮುಂದೆ ಹೃದ್ರೋಗ ಹೆಚ್ಚು ಎಂಬುದು ಹಲವು ದೀರ್ಘಕಾಲದ ಅಧ್ಯಯನಗಳಲ್ಲಿ ಕಂಡಿದೆ. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಎರಡು ಗಂಟೆ ಕೂತಾಗ ಇಳಿದು, ಎದ್ದು ಓಡಾಡಿದಾಗ ಮತ್ತೆ ಏರುವ ಶಕ್ತಿಯೂ, ವರ್ಷಗಟ್ಟಲೆ ಕುಗ್ಗಿಯೇ ಉಳಿದ ಶಕ್ತಿಯೂ ಒಂದೇ ಅಲ್ಲ. ಮೊದಲನೆಯದು ದಿನವೂ ಮರುಕಳಿಸಿದರೆ ಎರಡನೆಯದಕ್ಕೆ ದಾರಿಯಾಗುತ್ತದೆ ಎಂಬುದು ಬಲವಾದ ಊಹೆ, ಮತ್ತು ಸುದ್ದಿಗಳು ಈ ಊಹೆಯನ್ನೇ ಖಚಿತ ಸತ್ಯವೆಂಬಂತೆ ಹೇಳುತ್ತವೆ.

ಕಾಲಿನ ಉಬ್ಬಿದ ನರಗಳು, ದೀರ್ಘ ಪ್ರಯಾಣದಲ್ಲಿ ಕಾಲಿನೊಳಗೆ ಹೆಪ್ಪುಗಟ್ಟುವ ರಕ್ತ, ಇವು ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳ ತೊಂದರೆಗಳು. ಕೋಕೋ ಅಧ್ಯಯನ ನೋಡಿದ್ದು ಅಪಧಮನಿಗಳನ್ನು. ಹೀಗಾಗಿ ಕಾಲಿನ ನರ ಉಬ್ಬಿದವರು ಈ ಸುದ್ದಿಯಿಂದ ತಮಗೆ ಅನ್ವಯಿಸುವ ಯಾವ ತೀರ್ಮಾನಕ್ಕೂ ಬರಬಾರದು.

ಬರ್ಮಿಂಗ್‌ಹ್ಯಾಮ್ ಪ್ರಯೋಗದಲ್ಲಿ ಕಂಡದ್ದು

ಪ್ರಯೋಗದಲ್ಲಿ ಪಾಲ್ಗೊಂಡವರು 40 ಮಂದಿ ಆರೋಗ್ಯವಂತ ಯುವಕರು. ಅವರಲ್ಲಿ ಅರ್ಧದಷ್ಟು ಜನ ದೈಹಿಕವಾಗಿ ಚೆನ್ನಾಗಿ ಪಳಗಿದವರು, ಉಳಿದರ್ಧ ಅಷ್ಟೇನೂ ಪಳಗದವರು. ಎಲ್ಲರಿಗೂ ಬೇರೆ ಬೇರೆ ದಿನ ಎರಡು ಬಗೆಯ ಕೋಕೋ ಪಾನೀಯ ಕೊಟ್ಟು ಎರಡು ಗಂಟೆ ಕದಲದೆ ಕೂರಿಸಲಾಯಿತು. ಒಂದು ಪಾನೀಯದಲ್ಲಿ 695 ಮಿಲಿಗ್ರಾಂ ಫ್ಲೇವನಾಲ್ ಇತ್ತು, ಇನ್ನೊಂದರಲ್ಲಿ ಕೇವಲ 5.6 ಮಿಲಿಗ್ರಾಂ. ಫ್ಲೇವನಾಲ್ ಎಂದರೆ ಕೋಕೋ, ಚಹಾ, ಸೇಬು, ದ್ರಾಕ್ಷಿ ಮೊದಲಾದವುಗಳಲ್ಲಿ ಸಹಜವಾಗಿ ಇರುವ, ಒಗರು ರುಚಿಗೆ ಕಾರಣವಾಗುವ ಸಸ್ಯಜನ್ಯ ವಸ್ತು. ಇದು ಒಳಪದರದಲ್ಲಿ ನೈಟ್ರಿಕ್ ಆಕ್ಸೈಡಿನ ಲಭ್ಯತೆಯನ್ನು ಹೆಚ್ಚಿಸುತ್ತದೆ.

ಫ್ಲೇವನಾಲ್ ಕಡಿಮೆಯಿದ್ದ ಪಾನೀಯ ಕುಡಿದ ದಿನ ಎಲ್ಲರ ತೋಳು ಮತ್ತು ತೊಡೆಯ ಅಪಧಮನಿಗಳ ಹಿಗ್ಗುವ ಶಕ್ತಿ ಇಳಿಯಿತು. ಹೆಚ್ಚಿದ್ದ ದಿನ ಅದು ಇಳಿಯಲಿಲ್ಲ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮಹತ್ವದ ಫಲಿತಾಂಶ ಇನ್ನೊಂದಿದೆ, ಅದನ್ನು ಸುದ್ದಿಗಳು ಕೊನೆಯ ಸಾಲಿಗೆ ತಳ್ಳಿದವು. ವ್ಯಾಯಾಮದಿಂದ ಪಳಗಿದ ಯುವಕರ ನಾಳಗಳೂ ಕೂತಾಗ ಪಳಗದವರಷ್ಟೇ ಸೋತವು. ಬೆಳಗಿನ ಜಾವ ಕ್ರೀಡಾಂಗಣದಲ್ಲಿ ಓಡಿಬಂದವರು ಆಮೇಲೆ ಇಡೀ ದಿನ ಕುರ್ಚಿಗೆ ಅಂಟಿಕೊಂಡರೂ ಪರವಾಗಿಲ್ಲ ಎಂಬ ನಂಬಿಕೆಗೆ ಇಲ್ಲಿ ಬೆಂಬಲ ಸಿಗುವುದಿಲ್ಲ. ಹಾಗೆಂದು ವ್ಯಾಯಾಮ ವ್ಯರ್ಥವೂ ಅಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 60ರಿಂದ 75 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಇರುವವರಲ್ಲಿ ಎಂಟು ಗಂಟೆ ಕೂರುವುದರೊಂದಿಗೆ ಬರುವ ಹೆಚ್ಚುವರಿ ಸಾವಿನ ಅಪಾಯ ಬಹುಪಾಲು ಕಾಣೆಯಾಗುತ್ತದೆ. ಒಂದು ಪ್ರಯೋಗ ಎರಡು ಗಂಟೆಯ ಹಿಗ್ಗುವಿಕೆಯನ್ನು ಅಳೆದರೆ, ಇನ್ನೊಂದು ವರ್ಷಗಳ ಸಾವು ಬದುಕನ್ನು ಲೆಕ್ಕ ಹಾಕಿದೆ. ಓದುಗರ ಗೊಂದಲಕ್ಕೆ ಮೂಲ ಈ ಎರಡನ್ನೂ ಒಂದೇ ಎಂದು ತಿಳಿಯುವುದರಲ್ಲಿದೆ.

ಪ್ರಯೋಗದ ಮಿತಿಗಳೂ ಸ್ಪಷ್ಟವಾಗಿವೆ. ಅಲ್ಲಿ ಹೆಂಗಸರಿರಲಿಲ್ಲ, ವಯಸ್ಸಾದವರಿರಲಿಲ್ಲ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇದ್ದವರಿರಲಿಲ್ಲ. ತುಮಕೂರು, ಕೋಲಾರದಂಥ ನಮ್ಮ ಜಿಲ್ಲೆಗಳ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರು ಹೆಚ್ಚಾಗಿ ಹೆಂಗಸರು, ಲಾರಿ ಮತ್ತು ಬಸ್ ಓಡಿಸುವವರಲ್ಲಿ ನಡುವಯಸ್ಸು ದಾಟಿದವರು ಬಹಳ. ಸುದ್ದಿ ಓದಿ ಆಸೆಪಡುವವರು ಯಾರೋ ಅವರ ಮೇಲೆ ಈ ಪ್ರಯೋಗ ನಡೆದೇ ಇಲ್ಲ.

ಅಂಗಡಿಯ ಡಬ್ಬದಲ್ಲಿ ಇರುವುದು ಯಾವುದು

ಕೋಕೋ ಬೀಜ ಹುಳಿ ಬಂದು, ಹುರಿದು, ಪುಡಿಯಾಗುವ ಪ್ರತಿ ಹಂತದಲ್ಲೂ ಫ್ಲೇವನಾಲ್ ನಷ್ಟವಾಗುತ್ತ ಹೋಗುತ್ತದೆ. ಒಗರು ಹೋಗಿ ಬಣ್ಣ ಗಾಢವಾಗಲೆಂದು ಕ್ಷಾರ ಬೆರೆಸಿ ಸಂಸ್ಕರಿಸಿದಾಗ ಉಳಿದದ್ದರಲ್ಲೂ ದೊಡ್ಡ ಪಾಲು ನಾಶವಾಗುತ್ತದೆ. ಬೇಕರಿಗೂ ಮನೆಗೂ ಬರುವ ಗಾಢ ಕಂದು ಬಣ್ಣದ ಕೋಕೋ ಪುಡಿ ಬಹಳಷ್ಟು ಸಲ ಹೀಗೆ ಸಂಸ್ಕರಿಸಿದ್ದೇ ಆಗಿರುತ್ತದೆ. ಪ್ರಯೋಗದಲ್ಲಿ ಹೋಲಿಕೆಗೆಂದು ಕೊಟ್ಟ, ಏನೂ ಪರಿಣಾಮ ಮಾಡದ ಪಾನೀಯದ ಜಾತಿಗೇ ಈ ಪುಡಿ ಸೇರುತ್ತದೆ. ಮಕ್ಕಳಿಗೆ ಹಾಲಿನಲ್ಲಿ ಕಲಸಿಕೊಡುವ ಮಾಲ್ಟ್ ಪುಡಿಗಳಲ್ಲಂತೂ ಸಕ್ಕರೆಯ ಪಾಲೇ ಹೆಚ್ಚು, ಕೋಕೋ ಹೆಸರಿಗಷ್ಟೇ ಇರುತ್ತದೆ.

ಬೆರೆಸುವ ವಸ್ತುವೂ ಲೆಕ್ಕಕ್ಕೆ ಬರುತ್ತದೆ. ಬಾಳೆಹಣ್ಣಿನಲ್ಲಿರುವ, ಹಣ್ಣನ್ನು ಹೆಚ್ಚಿಟ್ಟಾಗ ಕಪ್ಪಾಗಿಸುವ ಕಿಣ್ವ ಫ್ಲೇವನಾಲನ್ನೂ ಒಡೆಯುತ್ತದೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾಳೆಹಣ್ಣಿನ ಸ್ಮೂದಿಯೊಂದಿಗೆ ತೆಗೆದುಕೊಂಡವರ ರಕ್ತದಲ್ಲಿ ಫ್ಲೇವನಾಲ್ ಮಟ್ಟ ಶೇ 84ರಷ್ಟು ಕಡಿಮೆಯಿತ್ತು. ಬಾಳೆಹಣ್ಣು ಒಳ್ಳೆಯದು, ಕೋಕೋ ಒಳ್ಳೆಯದು, ಆದ್ದರಿಂದ ಎರಡನ್ನೂ ಅರೆದು ಕುಡಿದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ.

ಆಹಾರದಿಂದಲೇ ಪಡೆಯುವ ದಾರಿ ಇದೆ. ಅಮೆರಿಕದ ಪೋಷಣಾ ತಜ್ಞರ ಸಂಘ 2022ರಲ್ಲಿ ದಿನಕ್ಕೆ 400ರಿಂದ 600 ಮಿಲಿಗ್ರಾಂ ಎಂದು ಸೂಚಿಸಿದಾಗ, ಅದನ್ನು ಮಾತ್ರೆಯಿಂದಲ್ಲದೆ ಚಹಾ ಮತ್ತು ಹಣ್ಣುಗಳಿಂದ ಪಡೆಯುವಂತೆಯೇ ಹೇಳಿತು. ಚಿಕ್ಕಬಳ್ಳಾಪುರ ಮತ್ತು ಕೋಲಾರದ ಸುತ್ತ ಬೆಳೆಯುವ, 2013ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿ ಒಗರಿನ ಈ ವಸ್ತುಗಳು ಇರುವುದು ನಾವು ಉಗುಳಿಬಿಡುವ ದಪ್ಪ ಸಿಪ್ಪೆ ಮತ್ತು ಬೀಜಗಳಲ್ಲಿ. ಹಾಗೆಂದು ನಮ್ಮ ದ್ರಾಕ್ಷಿಯನ್ನು ಔಷಧಿಯೆಂದು ಮಾರಲು ಹೊರಟರೆ ಅದೂ ಕೋಕೋದ ಸುದ್ದಿಯಷ್ಟೇ ತಪ್ಪಾಗುತ್ತದೆ. ಹಣ್ಣಿನಲ್ಲಿರುವ ಪ್ರಮಾಣ ಪ್ರಯೋಗದ ಪ್ರಮಾಣಕ್ಕಿಂತ ಬಹಳ ಕಡಿಮೆ.

ಪೂರಕಗಳ ಪರವಾದ ವಾದ

ಪೂರಕಗಳ, ಅಂದರೆ ಮಾತ್ರೆ ಅಥವಾ ಪುಡಿಯ ರೂಪದಲ್ಲಿ ಮಾರುವ ಇಂಥ ವಸ್ತುಗಳ, ಪರ ಮಾತನಾಡುವವರ ವಾದದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಜನ ಎದ್ದು ನಡೆಯಬೇಕೆಂದು ದಶಕಗಳಿಂದ ಹೇಳಿಯೂ ಕೂರುವ ಗಂಟೆಗಳು ಹೆಚ್ಚುತ್ತಲೇ ಇವೆ, ಹಾಗಿರುವಾಗ ಕೂತಲ್ಲೇ ಹಾನಿಯನ್ನು ತಗ್ಗಿಸುವ ಒಂದು ಸಾಧನವಿದ್ದರೆ ಅದನ್ನು ಬಳಸಬಾರದೇಕೆ ಎಂದು ಅವರು ಕೇಳುತ್ತಾರೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿಯೇ, ದಿನಕ್ಕೆ 200 ಮಿಲಿಗ್ರಾಂ ಕೋಕೋ ಫ್ಲೇವನಾಲ್ ರಕ್ತನಾಳಗಳ ಹಿಗ್ಗುವ ಗುಣವನ್ನು ಕಾಯ್ದುಕೊಳ್ಳಲು ನೆರವಾಗುತ್ತದೆ ಎಂಬ ಹೇಳಿಕೆಯನ್ನು ಒಪ್ಪಿತ್ತು. 2015ರ ಒಂದು ಸಣ್ಣ ಪ್ರಯೋಗದಲ್ಲಿ ವಿಟಮಿನ್ ಸಿ ಕೂಡ ಮೂರು ಗಂಟೆ ಕೂತವರ ಕಾಲಿನ ನಾಳದ ಶಕ್ತಿ ಇಳಿಯದಂತೆ ತಡೆದಿತ್ತು.

ದೊಡ್ಡ ಪ್ರಯೋಗವೊಂದೂ ಆಗಿದೆ. ಅಮೆರಿಕದ ಕಾಸ್ಮಾಸ್ ಪ್ರಯೋಗದಲ್ಲಿ 21,442 ಹಿರಿಯರಲ್ಲಿ ಕೆಲವರಿಗೆ ದಿನವೂ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್, ಕೆಲವರಿಗೆ ಏನೂ ಇಲ್ಲದ ಮಾತ್ರೆ ಕೊಟ್ಟು ಸುಮಾರು ಮೂರೂವರೆ ವರ್ಷ ಗಮನಿಸಲಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೃದ್ರೋಗದಿಂದಾದ ಸಾವು ಶೇ 27ರಷ್ಟು ಕಡಿಮೆಯಾಗಿತ್ತು. ಜಾಹೀರಾತುಗಳು ಎತ್ತಿಹಿಡಿಯುವುದು ಈ ಅಂಕಿಯನ್ನೇ.

ವಿರುದ್ಧದ ವಾದ ಮತ್ತು ಹಳೆಯ ಒಂದು ಪಾಠ

ಅದೇ ಕಾಸ್ಮಾಸ್ ಪ್ರಯೋಗ ಮುಖ್ಯವಾಗಿ ಉತ್ತರಿಸಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿದ್ದ ಪ್ರಶ್ನೆ ಬೇರೆಯಾಗಿತ್ತು. ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಎಲ್ಲ ಘಟನೆಗಳು ಒಟ್ಟಾಗಿ ಕಡಿಮೆಯಾದವೇ ಎಂಬ ಆ ಪ್ರಶ್ನೆಗೆ ಸಿಕ್ಕ ಉತ್ತರ ಶೇ 10ರಷ್ಟು ಇಳಿಕೆ. ಅದು ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. ಮುಖ್ಯ ಪ್ರಶ್ನೆಗೆ ಖಚಿತ ಉತ್ತರ ಸಿಗದಿದ್ದಾಗ ಉಪಪ್ರಶ್ನೆಯ ಫಲಿತಾಂಶವನ್ನು ಮುಂದಿಡುವುದು ವಿಜ್ಞಾನದಲ್ಲಿ ಎಚ್ಚರದಿಂದ ಮಾಡಬೇಕಾದ ಕೆಲಸ. ಆ ಪ್ರಯೋಗಕ್ಕೆ ಚಾಕೊಲೇಟ್ ಉದ್ಯಮದ ಮಾರ್ಸ್ ಕಂಪನಿಯ ನೆರವೂ ಇತ್ತು, ಇದನ್ನು ಸಂಶೋಧಕರೇ ಬಹಿರಂಗವಾಗಿ ತಿಳಿಸಿದ್ದಾರೆ.

ದೇಹದೊಳಗೆ ಕೆಲಸ ಮಾಡುವ ಬಗೆಯ ವಿವರಣೆ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಮಾತ್ರೆ ಫಲಿಸುತ್ತದೆಯೇ ಎಂಬುದಕ್ಕೆ ಅರ್ಜಿನೀನ್ ಕಥೆ ಉತ್ತರ ಕೊಡುತ್ತದೆ. ದೇಹ ನೈಟ್ರಿಕ್ ಆಕ್ಸೈಡನ್ನು ತಯಾರಿಸುವುದು ಅರ್ಜಿನೀನ್ ಎಂಬ ಅಮೈನೋ ಆಮ್ಲದಿಂದ. ಕಚ್ಚಾವಸ್ತುವನ್ನು ಹೆಚ್ಚು ಕೊಟ್ಟರೆ ನಾಳಗಳು ಚೇತರಿಸಿಕೊಳ್ಳಬೇಕು ಎಂಬ ತರ್ಕ ಕಾಗದದ ಮೇಲೆ ನಿರ್ದೋಷವಾಗಿತ್ತು. ಹೃದಯಾಘಾತವಾಗಿ ಬದುಕುಳಿದ 153 ಮಂದಿಯ ಮೇಲೆ ಅಮೆರಿಕದಲ್ಲಿ ಪ್ರಯೋಗ ನಡೆಯಿತು. ಅರ್ಜಿನೀನ್ ಪಡೆದವರಲ್ಲಿ ಆರು ಮಂದಿ ಸತ್ತರು, ಪಡೆಯದವರಲ್ಲಿ ಯಾರೂ ಸಾಯಲಿಲ್ಲ. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು, 2006ರಲ್ಲಿ ಅದರ ವರದಿ ಪ್ರಕಟವಾಯಿತು. ಇಂದಿಗೂ ಜಿಮ್‌ಗಳ ಪಕ್ಕದ ಅಂಗಡಿಗಳಲ್ಲಿ ಅರ್ಜಿನೀನ್ ಡಬ್ಬಗಳು ಸಿಗುತ್ತವೆ, ಈ ಪ್ರಯೋಗದ ವಿಷಯ ಕೊಳ್ಳುವವರಿಗೆ ತಿಳಿದಿರುವುದಿಲ್ಲ. ಇದು ನಿಜಕ್ಕೂ ಆತಂಕದ ಸಂಗತಿ.

ಇದೇ ಬಗೆಯ ಎಚ್ಚರಿಕೆಗಳು ಇನ್ನೂ ಇವೆ. ಹಸಿರು ಚಹಾದ ಸಾರವನ್ನು ಮಾತ್ರೆಯಾಗಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ (ಚಹಾದಲ್ಲಿರುವ ಫ್ಲೇವನಾಲ್ ಜಾತಿಯ ಒಂದು ಕ್ಯಾಟೆಕಿನ್) ಬರುವಂತೆ ತೆಗೆದುಕೊಂಡರೆ ಯಕೃತ್ತಿಗೆ ಪೆಟ್ಟಾಗುವ ಸೂಚನೆಗಳಿವೆ ಎಂದು ಯುರೋಪಿನ ಪ್ರಾಧಿಕಾರ 2018ರಲ್ಲಿ ಹೇಳಿತು. ಲೋಟದಲ್ಲಿ ಕುಡಿಯುವ ಚಹಾಕ್ಕೆ ಈ ಮಾತು ಅನ್ವಯಿಸುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿರುವವರು ವೈದ್ಯರಿಗೆ ಹೇಳದೆ ಯಾವ ಪೂರಕವನ್ನೂ ಶುರುಮಾಡಬಾರದು.

ಭಾರತದಲ್ಲಿ ಇವೆಲ್ಲ ಔಷಧಿ ಕಾಯ್ದೆಯಡಿ ಬರದೆ ಆಹಾರ ಸುರಕ್ಷತಾ ಪ್ರಾಧಿಕಾರದ ಪೂರಕ ಆಹಾರ ನಿಯಮಗಳಡಿ ಬರುತ್ತವೆ. ಔಷಧಿಯಾಗಿ ಬಳಸಲು ಅಲ್ಲ ಎಂಬರ್ಥದ ಮಾತು ಡಬ್ಬದ ಮೇಲೆ ಇರಲೇಬೇಕು. ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಮೆಡಿಕಲ್ ಸ್ಟೋರಿನ ಕಪಾಟಿನಲ್ಲಿ ಬಿಪಿ ಮಾತ್ರೆಯ ಪಕ್ಕದಲ್ಲೇ ಅದನ್ನು ಕಂಡ ಗ್ರಾಹಕ ಎರಡನ್ನೂ ಒಂದೇ ಜಾತಿಯವು ಎಂದುಕೊಂಡರೆ ತಪ್ಪು ಅವನದಲ್ಲ. ಹಾಗೆ ಎಣಿಸಿ ಬಿಪಿ ಮಾತ್ರೆಯನ್ನೇ ನಿಲ್ಲಿಸಿಬಿಟ್ಟರೆ ಮಾತ್ರ ಅದರ ಫಲವನ್ನು ಉಣ್ಣುವವನು ಅವನೇ.

ಎದ್ದೇಳುವುದು ಯಾರ ಕೈಯಲ್ಲಿದೆ

ಪೂರಕಕ್ಕೆ ಎದುರಾಗಿ ನಿಲ್ಲುವ ಪರಿಹಾರ ಹಳೆಯದು, ಮತ್ತು ಅದರ ಬಗ್ಗೆ ಇರುವ ಸಾಕ್ಷ್ಯವೂ ಹಳೆಯದು. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ಸಿಬ್ಬಂದಿಯನ್ನು ಅಧ್ಯಯನ ಮಾಡಿ, ದಿನವಿಡೀ ಕೂತು ಓಡಿಸುವ ಚಾಲಕರಿಗಿಂತ ಎರಡಂತಸ್ತಿನ ಬಸ್ಸುಗಳ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯೆಂದು ತೋರಿಸಿದರು. ಮೂರು ವರ್ಷಗಳ ನಂತರ ಅವರೇ ಸಮವಸ್ತ್ರದ ಅಳತೆಗಳನ್ನು ತೆಗೆದುನೋಡಿದಾಗ, ಚಾಲಕರ ಸೊಂಟದ ಸುತ್ತಳತೆಯೇ ಹೆಚ್ಚೆಂದು ತಿಳಿಯಿತು. ಅಂದರೆ ವ್ಯತ್ಯಾಸಕ್ಕೆ ಕೂರುವುದೊಂದೇ ಕಾರಣವಾಗಿರಲಿಲ್ಲ. ತಮ್ಮ ತೀರ್ಮಾನವನ್ನು ತಾವೇ ಹೀಗೆ ಪರೀಕ್ಷೆಗೆ ಒಡ್ಡಿದ ಆ ಪ್ರಾಮಾಣಿಕತೆ ಇಂದಿನ ಡಬ್ಬದ ಜಾಹೀರಾತುಗಳಲ್ಲಿ ಕಾಣುವುದಿಲ್ಲ.

ಈಚಿನ ಪ್ರಯೋಗಗಳು ಇನ್ನಷ್ಟು ನಿಖರವಾಗಿವೆ. ಮೂರು ಗಂಟೆ ಕೂರುವಾಗ ಗಂಟೆಗೊಮ್ಮೆ ಐದು ನಿಮಿಷ ನಿಧಾನವಾಗಿ ನಡೆದರೂ ತೊಡೆಯ ಅಪಧಮನಿಯ ಶಕ್ತಿ ಇಳಿಯಲಿಲ್ಲ ಎಂದು 2015ರ ಅಧ್ಯಯನ ತೋರಿಸಿತು. ಅದರ ಮರುವರ್ಷ ಇನ್ನೊಂದು ತಂಡ, ಕೂತಲ್ಲೇ ಒಂದು ಕಾಲನ್ನು ಒಂದು ನಿಮಿಷ ಅಲುಗಿಸುವುದು, ನಾಲ್ಕು ನಿಮಿಷ ಬಿಡುವುದು, ಹೀಗೆ ಮೂರು ಗಂಟೆ ಮಾಡಿಸಿತು. ಅಲುಗಿಸಿದ ಕಾಲಿನ ನಾಳ ಸರಿಯಾಗಿಯೇ ಇತ್ತು, ಅಲುಗಿಸದ ಕಾಲಿನದು ಸೋತಿತ್ತು. ಕಾಲು ಕುಣಿಸುತ್ತ ಕೂರಬೇಡ ಎಂದು ಮಕ್ಕಳನ್ನು ಗದರುವ ನಮ್ಮ ಮನೆಗಳು ಗಮನಿಸಬೇಕಾದ ಸಂಗತಿ ಇದು.

ಕಾಲು ಅಲುಗಿಸಲು ಖರ್ಚಿಲ್ಲ, ಐದು ನಿಮಿಷ ನಡೆಯಲೂ ಖರ್ಚಿಲ್ಲ, ಆದರೂ ಇದು ಎಲ್ಲರ ಕೈಗೆಟಕುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಎರಡು ಗಂಟೆ ಎಂದರೆ ತುಮಕೂರಿನಿಂದಲೋ ಕೋಲಾರದಿಂದಲೋ ಬೆಂಗಳೂರಿನ ಕೆಲಸದ ಜಾಗಕ್ಕೆ ಹೋಗಿ ತಲುಪುವ ಹೊತ್ತು. ಅಲ್ಲಿ ಇಳಿದವರು ಮತ್ತೆ ಎಂಟು ಗಂಟೆ ಕುರ್ಚಿಯಲ್ಲಿ ಕೂತು, ಅಷ್ಟೇ ದೂರ ಕೂತು ಹಿಂತಿರುಗುತ್ತಾರೆ. ಕಚೇರಿಯ ನೌಕರ ಗಂಟೆಗೊಮ್ಮೆ ನೀರು ಕುಡಿಯಲು ಏಳಬಹುದು. ಗಾರ್ಮೆಂಟ್ಸ್ ಲೈನಿನಲ್ಲಿ ಒಬ್ಬಾಕೆ ಎದ್ದರೆ ಮುಂದಿನ ಯಂತ್ರಕ್ಕೆ ಬಟ್ಟೆ ಹೋಗುವುದಿಲ್ಲ, ಗಂಟೆಯ ಟಾರ್ಗೆಟ್ ತಪ್ಪುತ್ತದೆ, ಸೂಪರ್‌ವೈಸರ್ ಬಂದು ನಿಲ್ಲುತ್ತಾನೆ. ಎದ್ದು ಹೋಗಬೇಕಾದೀತೆಂದು ನೀರನ್ನೇ ಕಡಿಮೆ ಕುಡಿಯುವ ಅಭ್ಯಾಸ ಅಲ್ಲಿ ಬೆಳೆಯುವುದು ಹೀಗೆ. ಪಾವಗಡ, ಬಾಗೇಪಲ್ಲಿಗಳಂಥ ಫ್ಲೋರೈಡ್ ನೀರಿನ ಸೀಮೆಯಲ್ಲಿ ಕೀಲು ಬಿಗಿದವರಿಗೆ ಎದ್ದು ಕೂರುವುದೇ ಒಂದು ಕೆಲಸ.

ಹೀಗೆ ನೋಡಿದಾಗ ಪೂರಕದ ಡಬ್ಬ ಮಾಡುವ ಇನ್ನೊಂದು ಕೆಲಸ ಕಾಣುತ್ತದೆ. ಕೆಲಸದ ಜಾಗದ ವ್ಯವಸ್ಥೆಯಿಂದ ಹುಟ್ಟಿದ ತೊಂದರೆಯನ್ನು ಅದು ದುಡಿಯುವವರ ಜೇಬಿಗೆ ವರ್ಗಾಯಿಸುತ್ತದೆ. ಸ್ನಾಯು ಅಲುಗದಿದ್ದುದೇ ಮೂಲ ಕಾರಣವಾಗಿರುವಾಗ ಕೋಕೋ ಆ ಕಾರಣವನ್ನು ಮುಟ್ಟುವುದಿಲ್ಲ, ಅದರ ಹಲವು ಪರಿಣಾಮಗಳಲ್ಲಿ ಒಂದನ್ನು ಕೆಲವು ಗಂಟೆ ತಡೆಯುತ್ತದೆ. ಕೂರುವುದರಿಂದ ಊಟದ ನಂತರ ಏರುವ ಸಕ್ಕರೆ, ಹೆಚ್ಚುವ ತೂಕ, ಬೆನ್ನುನೋವು ಹಾಗೆಯೇ ಉಳಿಯುತ್ತವೆ.

ಕಾಯ್ದೆಯ ಗಡಿಯಾರ

ದಶಕಗಳ ಕಾಲ ಕಾರ್ಖಾನೆಗಳ ದಿನಚರಿಯನ್ನು ರೂಪಿಸಿದ 1948ರ ಕಾರ್ಖಾನೆ ಕಾಯ್ದೆಯ 55ನೇ ಕಲಂ, ಸತತ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ಅಷ್ಟರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಎಂದಿತು. ಕರ್ನಾಟಕ 2023ರಲ್ಲಿ ತಂದ ತಿದ್ದುಪಡಿ ಇದನ್ನು ಆರು ಗಂಟೆಯವರೆಗೆ ಹಿಗ್ಗಿಸಲು ಅವಕಾಶ ಕೊಟ್ಟಿತು. ದಣಿವು ಮತ್ತು ಹಸಿವನ್ನು ಮನಸ್ಸಿನಲ್ಲಿಟ್ಟು ಬರೆದ ಈ ಲೆಕ್ಕ ರಕ್ತನಾಳದ ಗಡಿಯಾರಕ್ಕೆ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಇಳಿಕೆ ಮೊದಲ ಕೆಲವು ಗಂಟೆಗಳಲ್ಲೇ ಶುರುವಾಗಿರುತ್ತದೆ. ಎಂಟು ಗಂಟೆಯ ಪಾಳಿಯಲ್ಲಿ ಗಂಟೆಗೆ ಐದು ನಿಮಿಷವೆಂದರೆ ಒಟ್ಟು 40 ನಿಮಿಷ, ಉತ್ಪಾದನೆಯ ಲೆಕ್ಕ ಹಿಡಿಯುವವರಿಗೆ ಅದು ದೊಡ್ಡ ನಷ್ಟದಂತೆ ಕಾಣುತ್ತದೆ. ಯಂತ್ರ ಬಿಡದೆಯೇ ನಿಮಿಷವೊಂದು ಹಿಮ್ಮಡಿ ಎತ್ತಿ ಇಳಿಸಲು ಕರೆ ಕೊಡುವ ಗಂಟೆಯನ್ನಾದರೂ ಅಳವಡಿಸಬಹುದು. ಅದಕ್ಕೆ ಟಾರ್ಗೆಟ್‌ನಲ್ಲಿ ಅಷ್ಟು ರಿಯಾಯಿತಿ ಬರೆದಿಟ್ಟಿರಬೇಕು.

ಬಸ್ ಚಾಲಕನ ಕಾಲು ಪೆಡಲಿನ ಮೇಲಿರುವುದರಿಂದ ಅವನಿಗೆ ಈ ಉಪಾಯವೂ ಇಲ್ಲ. ಅವನಿಗೆ ಸಿಗುವುದು ಒಂದು ಟ್ರಿಪ್ ಮುಗಿದು ಇನ್ನೊಂದು ಹೊರಡುವ ನಡುವಿನ ಸಮಯ, ಬಸ್ ತಡವಾಗಿ ಬಂದ ದಿನ ಮೊದಲು ಕತ್ತರಿ ಬೀಳುವುದೂ ಅದಕ್ಕೇ. 2015ರ ಮತ್ತೊಂದು ಪ್ರಯೋಗದಲ್ಲಿ ಆರು ಗಂಟೆ ಸತತವಾಗಿ ಕೂತು ಶಕ್ತಿ ಕಳೆದುಕೊಂಡಿದ್ದ ಮೊಣಕಾಲ ಹಿಂದಿನ ಅಪಧಮನಿ ಮೊದಲಿನ ಸ್ಥಿತಿಗೆ ಮರಳಲು ಬೇಕಾದದ್ದು ಹತ್ತು ನಿಮಿಷದ ನಡಿಗೆ.